ಡಿಸರ್ಟೇಶನ್ನಿಗೆ ‘ಕಾಪಿ’ ಅಂತ ಎಫ್ ಕೊಟ್ಟಾರ: ಮೇಲ್ಮನವಿ ಯಾರಿಗೆ, ಹ್ಯಾಂಗ ಬರೀಬೇಕು?

ಶಹಾಪುರ_ಓದು:

ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿಯೊಳಗ ಎಂ.ಎಸ್ಸಿ. ಪರಿಸರ ವಿಜ್ಞಾನ, ಕೊನೇ ಸೆಮಿಸ್ಟರ್. ಡಿಸರ್ಟೇಶನ್ ವಿಷಯ ಯಾದಗಿರಿ ಕಡಿ ಬೋರ್‌ವೆಲ್ ನೀರಿನ ಫ್ಲೋರೈಡ್. ಬ್ಯಾರೆ ಎಲ್ಲಾ ಪೇಪರ್ ಪಾಸ್, ಡಿಸರ್ಟೇಶನ್ನಿಗೆ ಮಾತ್ರ ಎಫ್ ಬಂದದ. ವಿಭಾಗದಾಗ ಕೇಳಿದ್ರ "ಸಾಫ್ಟ್‌ವೇರ್‌ನಾಗ ಹಾಕಿ ನೋಡೀವಿ, ಸಿಮಿಲಾರಿಟಿ (ಬ್ಯಾರೆ ಬರಹದ ಜೊತಿ ಹೊಂದಿಕಿ) 38% ಅದ, ಎಐ ಬರೆದದ್ದು 64% ಅಂತ ತೋರಿಸ್ಯದ, ಕಾಪಿ ಅಂತ ಫೇಲ್ ಮಾಡೀವಿ, ಮುಂದಿನ ಸಲ ಹೊಸದಾಗಿ ಕೊಡು" ಅಂದ್ರು. ನೋಟಿಸ್ ಇಲ್ಲ, ವರದಿ ತೋರ್ಸಿಲ್ಲ, ಯಾವ ಕಮಿಟಿನೂ ಕರೆದಿಲ್ಲ.

ಇನ್ನೊಂದು ವಿಷಯ. ನಾನು ಮತ್ತ ನನ್ನ ಸಹಪಾಠಿ ಒಂದೇ ಬೋರ್‌ವೆಲ್‌ಗಳ ಸ್ಯಾಂಪಲ್ ಹಂಚ್ಕೊಂಡೀವಿ, ಗೈಡ್ ಹೇಳಿದ ಪ್ರಕಾರನೇ. ಅಕಿದು ನೈಟ್ರೇಟ್, ನಂದು ಫ್ಲೋರೈಡ್. ಊರಿನ ವಿವರ, ನಕ್ಷೆ, ಸ್ಯಾಂಪಲ್ ತೆಗೆಯೋ ವಿಧಾನ ಎರಡರಾಗೂ ಹೆಚ್ಚುಕಮ್ಮಿ ಒಂದೇ ಅವ. ಇಂಗ್ಲಿಷ್ ತಿದ್ಲಾಕ ಗ್ರಾಮರ್ಲಿ ಬಳಸೀನಿ, ಎಐ ಕಡಿಂದ ಬರೆಸಿಲ್ಲ.

ಕೇಳೋದು ಇಷ್ಟು: ರಿವ್ಯಾಲ್ಯುವೇಶನ್ ಹಾಕಬೇಕೋ, ಬ್ಯಾರೆ ಅರ್ಜಿನೋ? ಯಾರಿಗೆ? ಸಪ್ಲಿಮೆಂಟರಿ ಫೀಸ್ ಕಟ್ಟಿದ್ರ ತಪ್ಪು ಒಪ್ಕೊಂಡಂಗ ಆಗ್ತದೇನು? "ಒಂದು ಮುಚ್ಚಳಿಕೆ ಬರ್ಕೊಡು, ಮುಂದ ನೋಡೋಣ" ಅಂತ ಆಫೀಸಿನವರು ಅನ್ಲತ್ಯಾರ. ಬರ್ಕೊಡ್ಲೇನ್ರಿ?

ಬಿದರಿ_ಕುಸುರಿ:

ಮುಚ್ಚಳಿಕೆ ಬರ್ಕೊಡಬ್ಯಾಡ ತಂಗಿ. ಅದರಾಗ "ನಾನು ನಕಲು ಮಾಡಿದ್ದು ನಿಜ, ಮುಂದ ಹಿಂಗ ಮಾಡಲ್ಲ" ಅನ್ನೋ ಒಂದು ಸಾಲು ಇದ್ದೇ ಇರ್ತದ. ಅದಕ್ಕ ಸಹಿ ಬಿತ್ತಂದ್ರ ಮುಂದಿನ ಎಲ್ಲಾ ಮೇಲ್ಮನವಿಗೂ ಅದೇ ಒಂದು ಹಾಳಿ ಉತ್ತರ ಆಗ್ತದ. ಒತ್ತಾಯ ಮಾಡಿದ್ರ "ಆರೋಪ ಏನಂತ ಲಿಖಿತವಾಗಿ ಕೊಡ್ರಿ, ಓದಿ ಉತ್ತರ ಕೊಡ್ತೀನಿ" ಅನ್ನು. ಜಗಳ ಬ್ಯಾಡ.

ರಿವ್ಯಾಲ್ಯುವೇಶನ್ನೂ ಬ್ಯಾಡ. ಅದು ಥಿಯರಿ ಉತ್ತರ ಪತ್ರಿಕೆಗೆ ಇರೋ ದಾರಿ. ಅಂಕ ಕಡಿಮಿ ಬಿದ್ದಾವ, ಇನ್ನೊಮ್ಮೆ ನೋಡ್ರಿ ಅನ್ನೋ ಅರ್ಜಿ. ನಿಂದು ಅಂಕದ ತಕರಾರಲ್ಲ. ಬರವಣಿಗಿ ಚಲೋ ಇಲ್ಲ ಅಂತ ಫೇಲ್ ಮಾಡಿದ್ರ ಅದು ಮೌಲ್ಯಮಾಪನ. ಕಾಪಿ ಅಂತ ಫೇಲ್ ಮಾಡಿದ್ರ ಅದು ಶಿಕ್ಷೆ. ಶಿಕ್ಷೆ ಕೊಡಬೇಕಂದ್ರ ಆರೋಪ ತಿಳಿಸಬೇಕು, ಆಧಾರ ತೋರಿಸಬೇಕು, ನಿನ್ನ ಮಾತು ಕೇಳಬೇಕು. ಈ ಮೂರೂ ಆಗಿಲ್ಲ. ನಿನ್ನ ಇಡೀ ಮೇಲ್ಮನವಿ ನಿಲ್ಲೋದು ಇದರ ಮ್ಯಾಲ. ಬಹಳ ಮಂದಿ ಇಲ್ಲೇ ದಾರಿ ತಪ್ತಾರ. ಅರ್ಜಿ ತುಂಬ "ನಾ ಭಾಳ ಕಷ್ಟಪಟ್ಟೀನಿ, ಅಂಕ ಕೊಡ್ರಿ" ಅಂತ ಬರೀತಾರ. ಓದಿದವರು ಅದನ್ನ ರಿವ್ಯಾಲ್ಯುವೇಶನ್ ಅರ್ಜಿ ಅಂತ ತಿಳ್ಕೊಂಡು "ಅವಕಾಶವಿಲ್ಲ" ಅಂತ ಷರಾ ಬರೆದು ಕಳಿಸ್ತಾರ.

ನಾಳೆನೇ ಮಾಡೋದು: ರಿಸಲ್ಟ್ ಪುಟದ ಸ್ಕ್ರೀನ್‌ಶಾಟ್ ತಾರೀಖು ಕಾಣೋ ಹಂಗ ತಗಿ. ಅದರಾಗ ಎಫ್ ಅಂತ ಅದನೋ, ಫಲಿತಾಂಶ ತಡೆಹಿಡಿದಾರೋ ಸರಿಯಾಗಿ ನೋಡು. ತಡೆಹಿಡಿದಿದ್ರ ವಿಚಾರಣಿ ಇನ್ನ ಬಾಕಿ ಅಂತ ಅರ್ಥ, ಆಗ ಮೇಲ್ಮನವಿ ಅಲ್ಲ, ಲಿಖಿತ ಹೇಳಿಕೆ ಕೊಡಬೇಕು. ಎಫ್ ಅಂತ ಬಿದ್ದಿದ್ರ ನಿರ್ಧಾರ ಆಗಿಬಿಟ್ಟದ. ಆಮ್ಯಾಲ ವಿಭಾಗದ ಮುಖ್ಯಸ್ಥರಿಗೆ ಒಂದು ಪುಟದ ಪತ್ರ ಬರಿ. ಅದರಾಗ ವಾದ ಮಾಡಬ್ಯಾಡ, ಕಾಗದ ಮಾತ್ರ ಕೇಳು: ಪೂರ್ತಿ ಸಿಮಿಲಾರಿಟಿ ವರದಿ (ಮೊದಲ ಪುಟ ಅಷ್ಟೇ ಅಲ್ಲ, ಬಣ್ಣದ ಗುರುತು ಇರೋ ಎಲ್ಲಾ ಪುಟ), ಎಐ ವರದಿ, ಯಾವ ನಿಯಮದ ಕೆಳಗ ಎಫ್ ಕೊಟ್ರು, ಯಾವ ಸಮಿತಿ ಎಂದು ಕೂತು ನಿರ್ಧಾರ ಮಾಡ್ತು, ಅದರ ನಡಾವಳಿ. ಎರಡು ಪ್ರತಿ ಒಯ್ದು ಟಪಾಲಿನಾಗ ಒಂದು ಕೊಟ್ಟು, ಇನ್ನೊಂದರ ಮ್ಯಾಲ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸ್ಕೊ. ತಗೊಳ್ಳಲಿಲ್ಲಂದ್ರ ಅದೇ ದಿನ ಸ್ಪೀಡ್ ಪೋಸ್ಟ್, ಜೊತಿಗೆ ಇಮೇಲ್. ಗೈಡ್‌ಗೂ ಒಂದು ಪ್ರತಿ ಕಳಿಸು.

ಸಪ್ಲಿಮೆಂಟರಿ ಫೀಸ್ ಕಟ್ಟಿಬಿಡು. ಕಟ್ಟಿದ ಮಾತ್ರಕ್ಕ ತಪ್ಪು ಒಪ್ಕೊಂಡಂಗ ಆಗಂಗಿಲ್ಲ. ಆದ್ರ ಅರ್ಜಿ ಜೊತಿಗೆ "ನನ್ನ ಮೇಲ್ಮನವಿಯ ಹಕ್ಕು ಕಾಯ್ದಿರಿಸಿಕೊಂಡು ಈ ಶುಲ್ಕ ಕಟ್ಟಿರುತ್ತೇನೆ" ಅಂತ ಒಂದು ಸಾಲಿನ ಪತ್ರ ಟಪಾಲಿಗೆ ಕೊಡು. ಮೇಲ್ಮನವಿ ನಂಬಿ ಕೊನೇ ದಿನ ತಪ್ಪಿಸ್ಕೊಂಡ್ರ ಒಂದು ವರ್ಷ ಹೋಗ್ತದ.

ತೊಗರಿ_ಕಣಜ:

ಸಿಮಿಲಾರಿಟಿ ವರದಿ ಓದುವ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ 38 ಅನ್ನುವ ಸಂಖ್ಯೆಯನ್ನು ಹಾಗೇ ಒಪ್ಪಿಕೊಳ್ಳುವುದೇ ದೊಡ್ಡ ತೊಂದರೆ.

ಸಾಫ್ಟ್‌ವೇರ್ ಯಾವುದೇ ಇರಲಿ, ಅದು ಹೇಳುವುದು ಇಷ್ಟೇ: ನಿಮ್ಮ ಬರಹದ ಇಷ್ಟು ಭಾಗ ಬೇರೆಲ್ಲೋ ಇರುವ ಪದಗಳ ಸಾಲಿಗೆ ಹೊಂದುತ್ತದೆ. ಅದು ಕೃತಿಚೌರ್ಯವೋ ಅಲ್ಲವೋ ಎಂದು ತೀರ್ಮಾನಿಸಬೇಕಾದದ್ದು ವರದಿಯನ್ನು ಓದಿದ ಮನುಷ್ಯ. ಹಾಗಾಗಿ ಮೊದಲು ನೋಡಬೇಕಾದದ್ದು ಫಿಲ್ಟರ್. ಪರಾಮರ್ಶನ ಪಟ್ಟಿ, ಉದ್ಧರಣ ಚಿಹ್ನೆಯೊಳಗಿನ ಮಾತು, ಸಣ್ಣ ಹೊಂದಿಕೆಗಳು ಇವನ್ನು ಹೊರಗಿಟ್ಟಿದ್ದಾರೋ ಇಲ್ಲವೋ ಎಂಬುದು ಸಾಮಾನ್ಯವಾಗಿ ವರದಿಯ ಮೊದಲ ಅಥವಾ ಕೊನೆಯ ಪುಟದಲ್ಲೇ ನಮೂದಾಗಿರುತ್ತದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ಕೃತಿಚೌರ್ಯ ತಡೆ ನಿಯಮಾವಳಿಯೇ ಇವುಗಳನ್ನು ಎಣಿಸಬಾರದು ಎನ್ನುತ್ತದೆ: ಆಕರ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಸಾಮಾನ್ಯ ಪಾರಿಭಾಷಿಕ ಪದಗಳು, ಕಾನೂನು, ಪ್ರಮಾಣಿತ ಚಿಹ್ನೆ ಮತ್ತು ಸಮೀಕರಣಗಳು. ಸತತ 14 ಪದಗಳವರೆಗಿನ ಕಾಕತಾಳೀಯ ಹೊಂದಿಕೆಯೂ ಲೆಕ್ಕಕ್ಕಿಲ್ಲ. ದೃಢೀಕರಣ ಪತ್ರ, ಘೋಷಣಾ ಪತ್ರ ಇಡೀ ವಿಭಾಗಕ್ಕೆ ಒಂದೇ ನಮೂನೆ. ಅದು ಕೆಂಪಾಗಿ ಕಂಡರೆ ಅಚ್ಚರಿಯಿಲ್ಲ.

ನಿಮ್ಮ ವಿಷಯದಲ್ಲೇ ನೋಡಿ. ಐಎಸ್ 10500 ಎಂಬ ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂಬ ವಾಕ್ಯವನ್ನು ಫ್ಲೋರೈಡ್ ಬಗ್ಗೆ ಬರೆದವರೆಲ್ಲ ಬರೆದಿದ್ದಾರೆ. ಸ್ಪ್ಯಾಡ್ನ್ಸ್ ವಿಧಾನದಲ್ಲಿ (ಬಣ್ಣದ ಬದಲಾವಣೆಯಿಂದ ಫ್ಲೋರೈಡ್ ಅಳೆಯುವ ಕ್ರಮ) 570 ನ್ಯಾನೊಮೀಟರಿನಲ್ಲಿ ಓದಿದೆವು ಎಂಬುದನ್ನೂ ಹತ್ತು ರೀತಿಯಲ್ಲಿ ಹೇಳಲಾಗದು. ವಿಧಾನದ ಅಧ್ಯಾಯದಲ್ಲಿ ಇಂಥ ಹೊಂದಿಕೆ ಸಹಜ. ಆದರೆ ಫಲಿತಾಂಶ ಮತ್ತು ಚರ್ಚೆಯ ಅಧ್ಯಾಯದಲ್ಲಿ, ನಿಮ್ಮದೇ ಬೋರ್‌ವೆಲ್ ಅಂಕಿಗಳನ್ನು ವಿವರಿಸುವ ಜಾಗದಲ್ಲಿ, ಉದ್ದನೆಯ ಹೊಂದಿಕೆ ಇದ್ದರೆ ಅದಕ್ಕೆ ಈ ಸಮಾಧಾನ ನಡೆಯುವುದಿಲ್ಲ. ಸಮಿತಿಯವರು ಮೊದಲು ತೆರೆಯುವ ಪುಟವೂ ಅದೇ.

ಹಾಗಾಗಿ ವರದಿ ಸಿಕ್ಕ ತಕ್ಷಣ ಒಂದು ಕೋಷ್ಟಕ ಮಾಡಿ. ಪುಟ ಸಂಖ್ಯೆ, ಹೊಂದಿದ ಸಾಲು, ಯಾವ ಮೂಲದೊಂದಿಗೆ, ಎಷ್ಟು ಪದ, ನಿಮ್ಮ ವಿವರಣೆ. "ಹೊರಗಿಡಬೇಕಿತ್ತು", "ಆಕರ ಕೊಟ್ಟಿದ್ದೇನೆ, ಪುಟ ಇಂತಿಂಥದ್ದು", "ಪ್ರಮಾಣಿತ ವಿಧಾನ", "ಆಕರ ಇಲ್ಲ" ಹೀಗೆ ವಿಂಗಡಿಸಿ. ಕೊನೆಯ ಗುಂಪನ್ನು ಮುಚ್ಚಿಡಬೇಡಿ. ಅದು ಎರಡೇ ಪ್ಯಾರಾ ಇದ್ದರೆ ನೀವೇ ತೋರಿಸಿದಾಗ ಉಳಿದ ಕೋಷ್ಟಕಕ್ಕೆ ಬೆಲೆ ಬರುತ್ತದೆ. ಮುಚ್ಚಿಟ್ಟು ಅವರೇ ಹುಡುಕಿದರೆ ಮಿಕ್ಕದ್ದನ್ನೂ ನಂಬುವುದಿಲ್ಲ.

ಇನ್ನು ಎಐ 64%. ಇದನ್ನು 38ರ ಜೊತೆ ಕೂಡಿಸಿ ಮಾತಾಡಲು ಬಿಡಬೇಡಿ. ಒಂದು ಹೊಂದಿಕೆಯ ಅಳತೆ, ಇನ್ನೊಂದು ಬರಿ ಊಹೆಯ ಅಂದಾಜು. ಹೊಂದಿಕೆಗೆ ಮೂಲವನ್ನು ಎದುರಿಗಿಟ್ಟು ತೋರಿಸಬಹುದು. ಎಐ ಅಂದಾಜಿಗೆ ತೋರಿಸಲು ಮೂಲವೇ ಇಲ್ಲ. ಇಂಥ ಪರಿಶೀಲನೆಯ ಸಾಫ್ಟ್‌ವೇರ್ ಆದ ಟರ್ನಿಟಿನ್ ತನ್ನ ಎಐ ವರದಿಯಲ್ಲೇ, ವಿದ್ಯಾರ್ಥಿಯ ಮೇಲೆ ಕ್ರಮ ಕೈಗೊಳ್ಳಲು ಇದೊಂದನ್ನೇ ಆಧಾರ ಮಾಡಬಾರದು ಎಂದು ಹೇಳುತ್ತದೆ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದು ಎಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನು 7 ಪತ್ತೆ ಸಾಧನಗಳಿಗೆ ಕೊಟ್ಟು ನೋಡಿದರು. ಸರಾಸರಿ 61% ಪ್ರಬಂಧಗಳನ್ನು ಎಐ ಬರೆದದ್ದೆಂದು ತಪ್ಪಾಗಿ ಗುರುತಿಸಿದವು. ಕಾರಣವೂ ಸರಳ: ಸೀಮಿತ ಪದ, ಊಹಿಸಬಹುದಾದ ವಾಕ್ಯರಚನೆ ಇದ್ದರೆ ಸಾಧನ ಅದನ್ನು ಯಂತ್ರದ ಬರಹ ಎನ್ನುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಎಂ.ಎಸ್ಸಿ.ಗೆ ಇಂಗ್ಲಿಷ್‌ನಲ್ಲಿ ಬರೆಯುವ ನಮ್ಮ ಮಕ್ಕಳ ಬರಹ ಇದೇ ಬಗೆಯದು. ಈ ಅನ್ಯಾಯವನ್ನು ಜೋರಾಗಿ ಹೇಳಲೇಬೇಕು.

ಗ್ರಾಮರ್ಲಿ ಬಳಸಿದ್ದನ್ನು ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಕಾಗುಣಿತ, ವ್ಯಾಕರಣ ತಿದ್ದಿಸಿಕೊಂಡದ್ದು ಬೇರೆ, ಇಡೀ ವಾಕ್ಯವನ್ನು ಅದರಿಂದ ಮರುಬರೆಸಿದ್ದು ಬೇರೆ. ಯಾವುದನ್ನು ಮಾಡಿದ್ದೀರೋ ಅದನ್ನೇ ಹೇಳಿ.

ಸೇಡಂ_ರಸ್ತೆ:

ಮ್ಯಾಲಿನವರು 2018ರ ನಿಯಮ ಹೇಳ್ಯಾರ, ಅದಕ್ಕ ಒಂದು ಎಚ್ಚರಿಕೆ. ಆ ನಿಯಮ "ಸ್ಕ್ರಿಪ್ಟ್" ಅಂತ ಕರೆಯೋದರೊಳಗ ಸ್ನಾತಕೋತ್ತರ ಮತ್ತ ಸಂಶೋಧನಾ ಪದವಿಗೆ ಸಲ್ಲಿಸೋ ಥೀಸಿಸ್, ಡಿಸರ್ಟೇಶನ್ ಬರ್ತಾವ. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರ ಪತ್ರಿಕೆ ಬರೋದಿಲ್ಲ, ಸ್ಪಷ್ಟವಾಗಿ ಹೊರಗಿಟ್ಟಾರ. ಹಿಂಗಾಗಿ ನಿಮ್ಮ ಸಿಲೆಬಸ್ ತೆಗೆದು ಆ ಪೇಪರಿನ ಹೆಸರು ಏನಂತ ಅಚ್ಚಾಗ್ಯದ ನೋಡ್ರಿ. ಡಿಸರ್ಟೇಶನ್ ಅಂತ ಇದ್ರ ಇಡೀ ನಿಯಮ ನಿಮ್ಮ ಕೈಗೆ ಸಿಕ್ಕಂಗ. ಪ್ರಾಜೆಕ್ಟ್ ರಿಪೋರ್ಟ್ ಅಂತ ಇದ್ರ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನದ ಅಂತ ಕೇಳಬೇಕಾಗ್ತದ. ಆಗಲೂ ವಿಚಾರಣಿ ಇಲ್ದ ಶಿಕ್ಷೆ ಕೊಟ್ಟಾರ ಅನ್ನೋ ವಾದ ನಿಲ್ತದ, ಆದ್ರ ಶೇಕಡಾವಾರು ಲೆಕ್ಕ ನಿಲ್ಲಂಗಿಲ್ಲ.

ಡಿಸರ್ಟೇಶನ್ನೇ ಆಗಿದ್ರ ಆ ನಿಯಮದ ಮೆಟ್ಟಿಲು ಹಿಂಗವ. 10%ವರೆಗೆ ಶಿಕ್ಷೆ ಇಲ್ಲ. 10ರಿಂದ 40ರ ನಡುವ ಇದ್ರ ತಿದ್ದಿದ ಪ್ರತಿ ಕೊಡ್ಲಾಕ ಗರಿಷ್ಠ 6 ತಿಂಗಳ ಅವಕಾಶ. 40ರಿಂದ 60 ಇದ್ರ ಒಂದು ವರ್ಷ ತಿದ್ದಿದ ಪ್ರತಿ ಕೊಡೋ ಹಂಗಿಲ್ಲ. 60 ದಾಟಿದ್ರ ನೋಂದಣಿನೇ ರದ್ದು. ಅಂದ್ರ ನಿಮ್ಮ 38 ಪೂರ್ತಿ ಖರೆ ಅಂತ ಇಟ್ಕೊಂಡ್ರೂ ಸಿಗಬೇಕಾದ್ದು ತಿದ್ದಿ ಕೊಡೋ ಅವಕಾಶ. ಇದು ನಿಮ್ಮ ಎರಡನೇ ವಾದ: ಶಿಕ್ಷೆ ನಿಯಮಕ್ಕಿಂತ ಜಾಸ್ತಿ ಆಗ್ಯದ. ಆ ನಿಯಮದಾಗ ಎಐ ಮಾತೇ ಇಲ್ಲ, ಮೆಟ್ಟಿಲೆಲ್ಲ ಸಿಮಿಲಾರಿಟಿ ಮ್ಯಾಲ ಮಾತ್ರ.

ಮತ್ತ ಇದನ್ನ ಒಬ್ಬ ಮುಖ್ಯಸ್ಥರು ಕೂತು ತೀರ್ಮಾನ ಮಾಡೋ ಹಂಗಿಲ್ಲ. ವಿಭಾಗದ ಮಟ್ಟದ ಮೂರು ಮಂದಿ ಸಮಿತಿ ಇರಬೇಕು: ಮುಖ್ಯಸ್ಥರು, ವಿಭಾಗದ ಹೊರಗಿನ ಒಬ್ಬ ಹಿರಿಯರು, ಸಾಫ್ಟ್‌ವೇರ್ ತಿಳಿದ ಒಬ್ಬರು. ಅವರು 45 ದಿನದಾಗ ಸಂಸ್ಥೆ ಮಟ್ಟದ ಸಮಿತಿಗೆ ವರದಿ ಕೊಡಬೇಕು. ಆ ಮ್ಯಾಲಿನ ಸಮಿತಿ ಇನ್ನ 45 ದಿನದಾಗ ನೋಡಬೇಕು, ವರದಿ ಪ್ರತಿ ನಿಮಗೂ ಕೊಡಬೇಕು. ಎರಡೂ ಕಡಿ ಸಹಜ ನ್ಯಾಯ (ಆರೋಪ ತಿಳಿಸಿ, ಆರೋಪಿ ಮಾತು ಕೇಳೋದು) ಪಾಲಿಸಬೇಕು ಅಂತ ಬರ್ದಾರ. ತಪ್ಪು ಸಂದೇಹಕ್ಕ ಎಡೆ ಇಲ್ದಂಗ ಸಾಬೀತಾಗಿ, ಮೇಲ್ಮನವಿ ದಾರಿ ಎಲ್ಲಾ ಮುಗಿದು, ಸಮರ್ಥನೆಗೆ ಸಾಕಷ್ಟು ಅವಕಾಶ ಕೊಟ್ಟ ಮ್ಯಾಲ ಮಾತ್ರ ಶಿಕ್ಷೆ ಅಂತನೂ ಅದ. ಅದಕ್ಕೇ ಸಮಿತಿ ನಡಾವಳಿ ಪ್ರತಿ ಕೇಳ್ರಿ ಅಂತ ಬಿದರಿ_ಕುಸುರಿ ಅವರು ಹೇಳಿದ್ದು. ಸಮಿತಿ ಕೂತೇ ಇಲ್ಲಂದ್ರ ಕೊಡ್ಲಾಕ ನಡಾವಳಿ ಎಲ್ಲಿಂದ ಬರ್ತದ? ಅವರ ಮೌನನೇ ನಿಮಗ ದಾಖಲೆ.

ಶಹಾಪುರ_ಓದು:

ಎಲ್ಲರಿಗೂ ಶರಣ್ರಿ, ಭಾಳ ಉಪಕಾರ ಆಯ್ತು. ಸಿಲೆಬಸ್‌ನಾಗ "ಡಿಸರ್ಟೇಶನ್" ಅಂತನೇ ಅದ. ಗೈಡ್ ಕಡಿಂದ ಸಿಮಿಲಾರಿಟಿ ವರದಿ ಸಿಕ್ತು. ಪರಾಮರ್ಶನ ಪಟ್ಟಿ ಹೊರಗಿಟ್ಟಿಲ್ಲ, ಉದ್ಧರಣನೂ ಹೊರಗಿಟ್ಟಿಲ್ಲ. ಮೊದಲನೇ ಮೂಲ "ಸ್ಟೂಡೆಂಟ್ ಪೇಪರ್" 11% ಅಂತದ, ಅದು ನನ್ನ ಸಹಪಾಠಿದೇ ಇರಬೇಕು. ಒಂದು ಸಂಶೋಧನಾ ಲೇಖನ 4%, ಮಿಕ್ಕಿದ್ದೆಲ್ಲ 1%, 1% ಅಂತ ಸಣ್ಣಸಣ್ಣವು. ಸಮಿತಿ ನಡಾವಳಿ ಬಗ್ಗೆ ಉತ್ತರ ಬಂದಿಲ್ಲ. ಈಗ ಮೇಲ್ಮನವಿ ಹ್ಯಾಂಗ ಶುರು ಮಾಡ್ಲಿ? ಸಹಪಾಠಿ ಜೊತಿ ಸೇರಿ ಒಂದೇ ಅರ್ಜಿ ಕೊಡಬಹುದೇನ್ರಿ?

ತೊಗರಿ_ಕಣಜ:

ಒಂದೇ ಅರ್ಜಿ ಬೇಡ, ಬೇರೆ ಬೇರೆ ಕೊಡಿ. ಇಬ್ಬರೂ ಕೂಡಿ ಬರೆದಿದ್ದಾರೆ ಎಂಬ ಆರೋಪಕ್ಕೆ ಇಬ್ಬರೂ ಕೂಡಿ ಬರೆದ ಉತ್ತರ ಕೊಟ್ಟರೆ ಹೇಗೆ?

ಆ 11%ನಲ್ಲಿ ಎರಡು ಭಾಗ ಮಾಡಿ. ಹಂಚಿಕೊಂಡ ಸ್ಯಾಂಪಲ್, ಊರಿನ ಪಟ್ಟಿ, ನಕ್ಷೆ, ಅಕ್ಷಾಂಶ ರೇಖಾಂಶದ ಕೋಷ್ಟಕ ಒಂದೇ ಇರಲೇಬೇಕು, ಬೇರೆಯಾಗಿದ್ದರೇ ಅನುಮಾನ. ಇದಕ್ಕೆ ಗೈಡ್‌ರಿಂದ "ಇಬ್ಬರಿಗೂ ಜಂಟಿಯಾಗಿ ಸ್ಯಾಂಪಲ್ ಸಂಗ್ರಹಿಸಲು ನಾನೇ ಸೂಚಿಸಿದ್ದೆ" ಎಂದು ಎರಡು ಸಾಲು ಬರೆಸಿಕೊಳ್ಳಿ. ಆದರೆ ಅಧ್ಯಯನ ಪ್ರದೇಶದ ವಿವರಣೆ ವಾಕ್ಯಕ್ಕೆ ವಾಕ್ಯ ಒಂದೇ ಇದ್ದರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತೆಗೆದುಕೊಂಡಿದ್ದಾರೆ ಎಂದೇ ಅರ್ಥ. ಆ ಭಾಗಕ್ಕೆ ನೇರವಾಗಿ "ಈ ಭಾಗವನ್ನು ನನ್ನ ಮಾತಿನಲ್ಲಿ ತಿದ್ದಿ ಬರೆಯಲು ಸಿದ್ಧ" ಎನ್ನಿ.

ಒಂದು ಅಪಾಯ ನೋಡಿಕೊಳ್ಳಿ: ಇಬ್ಬರಲ್ಲೂ ಒಂದೇ ತಪ್ಪು ಇದೆಯೇ? ಒಂದೇ ಊರಿನ ಹೆಸರು ಒಂದೇ ರೀತಿ ತಪ್ಪಾಗಿದೆಯೇ, ಒಂದೇ ಕೋಷ್ಟಕದಲ್ಲಿ ಒಂದೇ ಅಂಕಿ ತಿರುವುಮುರುವಾಗಿದೆಯೇ? ಒಂದೇ ತಪ್ಪು ಎರಡು ಕಡೆ ಕಾಣುವುದು ನಕಲಿಗೆ ಬಲವಾದ ಸಾಂದರ್ಭಿಕ ಸಾಕ್ಷಿ. ಸುಪ್ರೀಂ ಕೋರ್ಟ್ 1962ರಲ್ಲೇ ಬಾಗಲೇಶ್ವರ್ ಪ್ರಸಾದ್ ಪ್ರಕರಣದಲ್ಲಿ ಒಂದೇ ಬಗೆಯ ತಪ್ಪು ಉತ್ತರಗಳನ್ನು ಆಧಾರವಾಗಿ ಒಪ್ಪಿದೆ. ತಪ್ಪು ಹಂಚಿಕೊಂಡ ದತ್ತಾಂಶದ ಹಾಳೆಯಿಂದಲೇ ಬಂದಿದ್ದರೆ ಆ ಹಾಳೆಯನ್ನು ಲಗತ್ತಿಸಿ.

ನೀವೇ ಬರೆದಿದ್ದೀರಿ ಅನ್ನುವುದಕ್ಕೆ ಸಾಕ್ಷಿ: ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ತೆರೆದು, ಬೇರೆ ಬೇರೆ ದಿನಗಳ ನಾಲ್ಕೈದು ಆವೃತ್ತಿಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ವರ್ಡ್‌ನಲ್ಲಿ ಬರೆದಿದ್ದರೆ ಗೈಡ್‌ಗೆ ಕಳಿಸಿದ ಹಳೆಯ ಕರಡುಗಳ ಇಮೇಲ್‌ಗಳೇ ಸಾಕ್ಷಿ. ವರ್ಡ್ ತೋರಿಸುವ ಒಟ್ಟು ತಿದ್ದುಪಡಿ ಸಮಯವನ್ನು ನೆಚ್ಚಬೇಡಿ, ಫೈಲ್ ಸುಮ್ಮನೆ ತೆರೆದಿಟ್ಟ ಹೊತ್ತನ್ನೂ ಅದು ಸೇರಿಸಿಕೊಳ್ಳುತ್ತದೆ. ಮೂಲ ಫೈಲನ್ನು ಈಗ ತೆರೆದು ತಿದ್ದಲೇಬೇಡಿ. ತಾರೀಖು ಬದಲಾದರೆ ಆರೋಪದ ನಂತರ ತಿದ್ದಿದ್ದಾರೆ ಎಂದಾಗುತ್ತದೆ. ಪ್ರತಿ ಮಾಡಿಕೊಂಡು ಅದರಲ್ಲಿ ನೋಡಿ.

ಎಲ್ಲಕ್ಕಿಂತ ಬಲವಾದದ್ದು ಪ್ರಯೋಗಾಲಯದ ನೋಟ್‌ಬುಕ್. ಸ್ಪ್ಯಾಡ್ನ್ಸ್ ವಿಧಾನ ಲೀಟರಿಗೆ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ ನೇರ ಓದುತ್ತದೆ. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ತೆಳುಗೊಳಿಸಿ ಓದಿ, ಮತ್ತೆ ಗುಣಿಸಬೇಕು. ನಿಮ್ಮ ನೋಟ್‌ಬುಕ್ಕಿನಲ್ಲಿ "10 ಎಂಎಲ್ ಸ್ಯಾಂಪಲ್, 50ಕ್ಕೆ ತುಂಬಿಸಿದ್ದು, ಗುಣಕ 5" ಎಂಬಂಥ ಗೀಚು ಬರಹ, ಹೊಡೆದುಹಾಕಿದ ಓದು, ಮತ್ತೆ ಮಾಡಿದ ಓದು ಇದ್ದರೆ ಆ ಪುಟಗಳ ನಕಲು ಪ್ರತಿ ಇಡಿ. ನಕಲು ಮಾಡಿದವರ ಹತ್ತಿರ ಇಂಥ ಪುಟ ಇರುವುದಿಲ್ಲ.

ಬಿದರಿ_ಕುಸುರಿ:

ಮೇಲ್ಮನವಿ ನಮೂನೆ ಕೊಡ್ತೀನಿ, ನಿಂದು ಹಾಕ್ಕೊಂಡು ತಿದ್ದಕೊ. ಎರಡು ಪುಟ ದಾಟಿಸಬ್ಯಾಡ. ರಾಜ್ಯ ವಿಶ್ವವಿದ್ಯಾಲಯ ಆದ್ರ ಕುಲಸಚಿವರು (ಮೌಲ್ಯಮಾಪನ) ಅವರಿಗೆ, ಕಡಗಂಚಿ ಕೇಂದ್ರೀಯ ವಿಶ್ವವಿದ್ಯಾಲಯ ಆದ್ರ ಪರೀಕ್ಷಾ ನಿಯಂತ್ರಕರಿಗೆ. ಎರಡೂ ಕಡಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೂ ಪ್ರತಿ ಹಾಕು.

"ವಿಷಯ: ವಿಚಾರಣೆ ನಡೆಸದೆ ಕೃತಿಚೌರ್ಯದ ಆರೋಪದ ಮೇಲೆ ಡಿಸರ್ಟೇಶನ್ ಪತ್ರಿಕೆಗೆ ನೀಡಿರುವ ಎಫ್ ಶ್ರೇಣಿಯನ್ನು ರದ್ದುಪಡಿಸುವ ಕುರಿತು ಮೇಲ್ಮನವಿ.

ಮಾನ್ಯರೇ, ದಿನಾಂಕ … ರಂದು ಪ್ರಕಟವಾದ ಫಲಿತಾಂಶದಲ್ಲಿ ನನ್ನ ಡಿಸರ್ಟೇಶನ್‌ಗೆ ಎಫ್ ಶ್ರೇಣಿ ನೀಡಲಾಗಿದೆ. ಕಾರಣ 38% ಸಿಮಿಲಾರಿಟಿ ಎಂದು ದಿನಾಂಕ … ರಂದು ಮೌಖಿಕವಾಗಿ ತಿಳಿಸಲಾಗಿದೆ. ಇದಕ್ಕೆ ಮೊದಲು ನನಗೆ ಯಾವುದೇ ನೋಟಿಸ್ ನೀಡಿಲ್ಲ, ನನ್ನ ಹೇಳಿಕೆ ಪಡೆದಿಲ್ಲ. ದಿನಾಂಕ … ರ ನನ್ನ ಪತ್ರಕ್ಕೆ (ಇನ್‌ವರ್ಡ್ ಸಂಖ್ಯೆ …) ಉತ್ತರ ಬಂದಿಲ್ಲ.

ಯುಜಿಸಿ 2018ರ ನಿಯಮಾವಳಿಯಂತೆ ವಿಭಾಗೀಯ ಹಾಗೂ ಸಾಂಸ್ಥಿಕ ಸಮಿತಿಗಳ ವಿಚಾರಣೆ ಇಲ್ಲದೆ ದಂಡನೆ ವಿಧಿಸುವಂತಿಲ್ಲ. ಸದರಿ ವರದಿಯಲ್ಲಿ ಹೊರಗಿಡಬೇಕಾದ ಗ್ರಂಥಸೂಚಿ ಮತ್ತು ಉದ್ಧರಣಗಳನ್ನು ಸೇರಿಸಿಯೇ ಲೆಕ್ಕ ಮಾಡಲಾಗಿದೆ. ಪುಟವಾರು ವಿವರಣೆಯ ಕೋಷ್ಟಕ ಲಗತ್ತು 1ರಲ್ಲಿದೆ. ಈ ಪ್ರಮಾಣವನ್ನೇ ಒಪ್ಪಿದರೂ ನಿಯಮಾವಳಿಯಲ್ಲಿರುವುದು ತಿದ್ದಿದ ಪ್ರತಿ ಸಲ್ಲಿಸುವ ಅವಕಾಶವೇ ಹೊರತು ಅನುತ್ತೀರ್ಣಗೊಳಿಸುವುದಲ್ಲ.

ಆದ್ದರಿಂದ, (ಅ) ಎಫ್ ಶ್ರೇಣಿಯನ್ನು ರದ್ದುಪಡಿಸಿ, ನಿಯಮಾನುಸಾರ ಫಿಲ್ಟರ್ ಬಳಸಿ ಮರುಪರಿಶೀಲಿಸಬೇಕಾಗಿಯೂ, (ಆ) ಸಮಿತಿಯ ಮುಂದೆ ಮೂಲ ದತ್ತಾಂಶದೊಂದಿಗೆ ಹಾಜರಾಗಿ ಮೌಖಿಕ ಪರೀಕ್ಷೆ ಎದುರಿಸಲು ಅವಕಾಶ ನೀಡಬೇಕಾಗಿಯೂ, (ಇ) ಪರ್ಯಾಯವಾಗಿ, ತಿದ್ದಿದ ಪ್ರತಿ ಸಲ್ಲಿಸಲು ಅನುಮತಿಸಬೇಕಾಗಿಯೂ ವಿನಂತಿಸುತ್ತೇನೆ."

ಈ ಮೂರು ಕೋರಿಕೆಯ ಕ್ರಮ ಬದಲಿಸಬ್ಯಾಡ. ಮೂರನೇದನ್ನ ಮೊದಲು ಬರೆದ್ರ ಉಳಿದ ಎರಡನ್ನ ಯಾರೂ ಓದಂಗಿಲ್ಲ. ಗೈಡ್ ಬಗ್ಗೆ, ಮುಖ್ಯಸ್ಥರ ಬಗ್ಗೆ ಒಂದು ಕೆಟ್ಟ ಶಬ್ದ ಇರಬಾರದು. ಮತ್ತ ಊರಿನ ಲೀಡರ್ ಕಡಿಂದ ಫೋನ್ ಮಾಡ್ಸೋದು, ವಿಭಾಗದ ಮುಂದ ಧರಣಿ ಕೂಡೋದು ಮಾಡಬ್ಯಾಡ್ರಿ. ಕಾಗದದ ಮ್ಯಾಲ ಗಟ್ಟಿ ಇರೋ ಕೇಸು ಒಂದು ಫೋನಿನಿಂದ "ಒತ್ತಡ ತಂದರು" ಅಂತ ತಿರುಗಿಬಿಡ್ತದ.

ಭೀಮಾ_ದಂಡಿ:

ಮುಂದಿನ ಹಂತ ನಾನು ಹೇಳ್ತೀನಿ. ಯುಜಿಸಿಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿ 2023ರ ಪ್ರಕಾರ ಪಾರದರ್ಶಕವಲ್ಲದ ಅಥವಾ ಅನ್ಯಾಯದ ಮೌಲ್ಯಮಾಪನವೂ ಕುಂದುಕೊರತೆಯೇ. ದೂರು ಕೊಟ್ಟ ಮೇಲೆ ಸಂಸ್ಥೆ 15 ದಿನದೊಳಗೆ ತನ್ನ ಅಭಿಪ್ರಾಯದೊಂದಿಗೆ ಅದನ್ನು ಸಮಿತಿಗೆ ಕಳಿಸಬೇಕು. ಸಮಿತಿ ಸಾಧ್ಯವಾದಷ್ಟು ಮಟ್ಟಿಗೆ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಂದು ಪ್ರತಿ ನಿಮಗೂ. ನೀವೇ ಹೋಗಬಹುದು ಅಥವಾ ಪ್ರತಿನಿಧಿಯನ್ನು ಕಳಿಸಬಹುದು. ಸಮಿತಿಯಲ್ಲಿ ಪ್ರಾಧ್ಯಾಪಕರ ಜೊತೆ ಒಬ್ಬ ವಿದ್ಯಾರ್ಥಿ ವಿಶೇಷ ಆಹ್ವಾನಿತರಿರುತ್ತಾರೆ. ನಿಮ್ಮ ವಿಭಾಗದ ಮುಖ್ಯಸ್ಥರೇ ಆ ಸಮಿತಿಯಲ್ಲಿದ್ದರೆ, ಈ ಪ್ರಕರಣ ಬಂದಾಗ ಅವರು ಕೂರಬಾರದು ಎಂದು ಮೊದಲೇ ಬರೆದು ಕೊಡಿ.

ಆ ನಿರ್ಧಾರ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ಮೇಲ್ಮನವಿ ಕೇಳಲು ನೇಮಿಸಿದವರು) ಮೇಲ್ಮನವಿ. ಈ 15 ದಿನ ಬಹಳ ಬಿಗಿ. ಪತ್ರ ತಲುಪಿದ ಲಕೋಟೆಯನ್ನು ಎಸೆಯಬೇಡಿ, ತಾರೀಖಿಗೆ ಅದೇ ಸಾಕ್ಷಿ. ಓಂಬುಡ್ಸ್‌ಪರ್ಸನ್ 30 ದಿನದಲ್ಲಿ ಬಗೆಹರಿಸಲು ಯತ್ನಿಸಬೇಕು. ಅಂಕ ಮರುಎಣಿಕೆ, ಮರುಮೌಲ್ಯಮಾಪನದ ಅರ್ಜಿಯನ್ನು ಅವರು ತೆಗೆದುಕೊಳ್ಳುವುದಿಲ್ಲ, ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯ ತೋರಿಸಿದರೆ ಮಾತ್ರ. ಅಂಕ ಅಲ್ಲ, ಶಿಕ್ಷೆ ಎಂದು ಮೊದಲಿನಿಂದಲೂ ಬರೆಯಬೇಕೆಂದು ಮೇಲಿನವರು ಹೇಳಿದ್ದರ ಫಲ ಇಲ್ಲಿ ಸಿಗುತ್ತದೆ.

ದಾಖಲೆ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಇದರ ಜೊತೆಜೊತೆಗೇ ಹಾಕಿ, ಅದರ ಉತ್ತರಕ್ಕಾಗಿ ಮೇಲ್ಮನವಿ ನಿಲ್ಲಿಸಬೇಡಿ. ರಾಜ್ಯದ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ದೊಡ್ಡ ಕಥೆ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯ ಆದರೆ ಕೇಂದ್ರದ ಆನ್‌ಲೈನ್ ಪೋರ್ಟಲ್. "ಏಕೆ ಮಾಡಿದಿರಿ" ಎಂದು ಕೇಳಬೇಡಿ. "ಇಂತಿಂಥ ದಾಖಲೆಯ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಪರೀಕ್ಷಕರ ಹೆಸರು ಮಾತ್ರ ಸಿಗುವುದಿಲ್ಲ, ಅದನ್ನು ಕೇಳಲೂ ಬೇಡಿ.

ಹೈಕೋರ್ಟ್ ಕೊನೆಯದು. ಕಲಬುರಗಿ ಪೀಠ 2013ರಿಂದ ಕಾಯಂ ಆಗಿದೆ, ಬೀದರ್, ಯಾದಗಿರಿಯವರಿಗೂ ಅದೇ. ಪರೀಕ್ಷಾ ಅಕ್ರಮದ ಶಿಕ್ಷೆ ಕೊಡುವ ಸಮಿತಿ ವಿದ್ಯಾರ್ಥಿಯ ಮಾತು ಕೇಳಲೇಬೇಕು ಎಂಬುದು 1962ರ ಘನಶ್ಯಾಮ ದಾಸ್ ಗುಪ್ತಾ ತೀರ್ಪಿನಿಂದ ಬಂದ ತತ್ವ. ಆದರೆ ಕೋರ್ಟ್ ನಿಮ್ಮ ಡಿಸರ್ಟೇಶನ್ ಓದಿ ಅಂಕ ಕೊಡುವುದಿಲ್ಲ. ಹೆಚ್ಚೆಂದರೆ ಆದೇಶ ರದ್ದು ಮಾಡಿ, ವಿಚಾರಣೆ ನಡೆಸಿ ಮತ್ತೆ ತೀರ್ಮಾನಿಸಿ ಎನ್ನುತ್ತದೆ. ಒಳಗಿನ ದಾರಿ ಬಿಟ್ಟು ನೇರ ಹೋದರೆ ಮೊದಲು ಅಲ್ಲಿಗೆ ಹೋಗಿ ಎಂದು ಕಳಿಸುವ ಸಾಧ್ಯತೆಯೇ ಹೆಚ್ಚು. ಪಿಎಚ್.ಡಿ. ಪ್ರವೇಶ ಅಥವಾ ನೌಕರಿಯ ಕೊನೆಯ ದಿನ ಹತ್ತಿರವಿದ್ದರೆ ಮಾತ್ರ ಬೇಗ ವಕೀಲರನ್ನು ಕಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಸೇಡಂ_ರಸ್ತೆ:

ಕಮಿಟಿ ಮುಂದ ಹೋಗೋ ದಿನದ ಬಗ್ಗೆ ಒಂದೆರಡು ಮಾತು. ಫೈಲಿನಾಗ ಎಲ್ಲಕ್ಕಿಂತ ಮ್ಯಾಲ ತಾರೀಖಿನ ಪಟ್ಟಿ ಇರ್ಲಿ: ಎಂದು ಸಲ್ಲಿಸಿದಿ, ಎಂದು ರಿಸಲ್ಟ್, ಎಂದು ಪತ್ರ, ಯಾವ ಇನ್‌ವರ್ಡ್ ನಂಬರ್. ಅದರ ಕೆಳಗ ಕೋಷ್ಟಕ, ಅದರ ಕೆಳಗ ನೋಟ್‌ಬುಕ್. ಅಸಲು ನೋಟ್‌ಬುಕ್ ತೋರಿಸು, ಆದ್ರ ಕೈಬಿಟ್ಟು ಕೊಡಬ್ಯಾಡ, ಜೆರಾಕ್ಸ್ ಕೊಡು. ಮಾತು ಶುರು ಮಾಡೋ ಮೊದಲು "ಇವತ್ತಿನ ಆರೋಪ ಸಿಮಿಲಾರಿಟಿ ಮಾತ್ರನೋ, ಎಐ ಸೇರಿ ಅದನೋ, ಸಹಪಾಠಿ ಜೊತಿ ಹಂಚ್ಕೊಂಡಿದ್ದೂ ಸೇರಿ ಅದನೋ" ಅಂತ ಕೇಳಿ, ಅದನ್ನ ನಡಾವಳಿಯೊಳಗ ಬರೆಸು. ಇಲ್ಲಂದ್ರ ಒಂದಕ್ಕ ಉತ್ತರ ಕೊಡ್ತಿದ್ದಂಗ ಆರೋಪ ಇನ್ನೊಂದಕ್ಕ ಹೊರಳ್ತದ.

ಅವರು ವಿಷಯದ ಮ್ಯಾಲ ಕೇಳಿದ್ರ ಖುಷಿಪಡು, ಅದು ನಿನಗ ಸಿಕ್ಕ ಅವಕಾಶ. ಸ್ಪ್ಯಾಡ್ನ್ಸ್‌ನಾಗ ಫ್ಲೋರೈಡ್ ಜಾಸ್ತಿ ಆದಂಗ ಬಣ್ಣ ತಿಳಿ ಆಗ್ತದ, ಗ್ರಾಫಿನ ಗೆರಿ ಕೆಳಗ ಇಳೀತದ. ಯಾಕಂತ ಕೇಳಿದ್ರ ಜಿರ್ಕೋನಿಯಂ ಮತ್ತ ಬಣ್ಣದ ಜೋಡಿಯನ್ನ ಫ್ಲೋರೈಡ್ ಹ್ಯಾಂಗ ಒಡೀತದ ಅಂತ ಹಾಳಿ ಮ್ಯಾಲ ಬರೆದು ತೋರಿಸು. ಯಾವ ಬೋರ್‌ವೆಲ್‌ನಾಗ ಜಾಸ್ತಿ ಬಂತು, ಆ ಊರಾಗ ಕಲ್ಲಿನ ಗುಣ ಏನು ಅನ್ನೋದೂ ನಾಲಿಗಿ ತುದಿಯೊಳಗ ಇರ್ಲಿ.

ಎದ್ದು ಬರೋ ಮೊದಲು ಸಹಿ ಕೇಳ್ತಾರ. ನಡಾವಳಿ ಪೂರ್ತಿ ಓದು. ನೀ ಹೇಳಿದ್ದು ಬಿಟ್ಟು ಹೋಗಿದ್ರ ಸಹಿ ಪಕ್ಕದಾಗ "ಲಿಖಿತ ಹೇಳಿಕೆ ಪ್ರತ್ಯೇಕವಾಗಿ ಸಲ್ಲಿಸಿದೆ" ಅಂತ ಬರೆದು, ಅದೇ ದಿನ ಟಪಾಲಿಗೆ ಕೊಟ್ಟು ಸೀಲು ಹಾಕಿಸ್ಕೊಂಡು ಬಾ.